ಕೋಯಂಬೇಡು ಶಬ್ದಮಣಿದರ್ಪಣ

ಶಬ್ದವೊಂದು ದ್ರವ್ಯ, ಅದು ಹೊಕ್ಕುಳ ಬುಡದಲ್ಲಿ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದು ಕೇಶಿರಾಜ ಸುಮಾರು 1260ರಲ್ಲಿ ತನ್ನ ‘ಶಬ್ದಮಣಿದರ್ಪಣ’ದಲ್ಲಿ ತೀರ್ಮಾನ ಕೊಟ್ಟಿದ್ದಾನೆ. ಮೊದಲೆರಡು ಮಾತಿಗೆ ನಮ್ಮ ತಕರಾರಿಲ್ಲ. ಬೆಳಗಿನ ಜಾವ ಚೆನ್ನೈಯ ಕೋಯಂಬೇಡಿನಲ್ಲಿ ಟೊಮೆಟೊ ಕೂಗುವವನ ಬನಿಯನ್ನು ಹೊಟ್ಟೆಯ ಮೇಲೆ ಏರಿಳಿಯುವುದನ್ನು ಕಂಡವರಾರೂ ನಾಭಿಮೂಲ ಸಿದ್ಧಾಂತವನ್ನು ಅಲ್ಲಗಳೆಯಲಾರರು. ತಕರಾರಿರುವುದು ಬಣ್ಣದ ವಿಷಯದಲ್ಲಿ. ಟೊಮೆಟೊ ಮಂಡಿಯ ಶಬ್ದ ಕೆಂಪು. ಸೊಪ್ಪಿನ ಸಾಲಿನದು ಹಸಿರು. ಈರುಳ್ಳಿ ಮಂಡಿಯಲ್ಲಿ ಕಣ್ಣಿಗೆ ನೀರು ಬರುವುದರಿಂದ ಬಣ್ಣ ನಿರ್ಣಯಿಸುವುದು ಸಾಧ್ಯವಾಗಿಲ್ಲ. ಹೂಕೋಸಿನ ರಾಶಿಯ ಮುಂದೆ ಮಾತ್ರ ಕೇಶಿರಾಜ ಗೆಲ್ಲುತ್ತಾನೆ. ಆದರೆ ಹೂಕೋಸು ಈ ದೇಶಕ್ಕೆ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಕೇಶಿರಾಜನ ಕಾಲಕ್ಕೆ ಟೊಮೆಟೊ ಕೂಡ ಸಮುದ್ರದಾಚೆಯೇ ಇತ್ತು. ಇಂಥ ಸಾಮಗ್ರಿಯ ಅಭಾವದಲ್ಲಿ ಆತ ಅಷ್ಟು ಬರೆದದ್ದೇ ಹೆಚ್ಚು.

ಆ ಕೊರತೆಯನ್ನು ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮದರಾಸಿನಲ್ಲಿ ಕೂತು ಕನ್ನಡ ಶಬ್ದಗಳ ವಿಚಾರ ಮಾಡುವುದು ಹೊಸದೇನಲ್ಲ. ಇಲ್ಲಿನ ವಿಶ್ವವಿದ್ಯಾಲಯವೇ ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕಾರ ಮಾಡಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಭಟ್ಟರು ಕೈ ಹಾಕಿದ್ದು ಅರ್ಥವುಳ್ಳ ಶಬ್ದಗಳಿಗೆ. ಲಾರಿಯ ಹಿಂಬಾಗಿಲು ಬೀಳುವ ಸದ್ದು, ತಕ್ಕಡಿಯ ಠಣತ್ಕಾರ, ಗಿರಾಕಿಯ ನಿಟ್ಟುಸಿರು ಇತ್ಯಾದಿಗಳನ್ನು ಮುಂದಿನವರಿಗೆ ಬಿಟ್ಟಿದ್ದರು, ಮುಂದಿನವರೆಂದರೆ ನಾವು. ಇನ್ನು ಸಂತೆ, ಮನೆ, ಸದ್ದು ಈ ಮೂರರ ಪರಸ್ಪರ ಸಂಬಂಧವನ್ನು ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಇತ್ಯರ್ಥ ಮಾಡಿಬಿಟ್ಟಿರುವುದರಿಂದ, ಮಾರುಕಟ್ಟೆಯ ಪಕ್ಕ ಬಾಡಿಗೆಗಿರುವವರ ಅಹವಾಲುಗಳನ್ನು ಇಲ್ಲಿ ಪರಿಶೀಲಿಸಿಲ್ಲ.

ಕ್ಷೇತ್ರ ಪರಿಚಯ. ಹಿಂದೆ ಮದರಾಸಿನ ತರಕಾರಿ ಸಗಟು ವ್ಯಾಪಾರವೆಲ್ಲ ಜಾರ್ಜ್ ಟೌನಿನ ಕೊತ್ವಾಲ್ ಚಾವಡಿಯಲ್ಲಿ ನಡೆಯುತ್ತಿತ್ತು. ಅಲ್ಲಿನ ಗಲ್ಲಿಗಳಲ್ಲಿ ಲಾರಿ ಹಿಡಿಸದೆ, ಜನ ಹಿಡಿಸದೆ, 1996ರಲ್ಲಿ ಅದನ್ನು ಕೋಯಂಬೇಡಿಗೆ ಎತ್ತಿದರು. ಸುಮಾರು 295 ಎಕರೆ, ಮೂರು ಸಾವಿರಕ್ಕೂ ಹೆಚ್ಚು ಅಂಗಡಿ. ಹೂವು, ಹಣ್ಣು, ತರಕಾರಿಗೆ ಬೇರೆ ಬೇರೆ ಸಾಲು. ಕೋಲಾರದ ಟೊಮೆಟೊ, ಹೊಸೂರಿನ ಗುಲಾಬಿ, ಊಟಿಯ ಕ್ಯಾರೆಟ್ಟು ರಾತ್ರಿಯೆಲ್ಲ ಬಂದು ಇಳಿಯುತ್ತವೆ. ವ್ಯಾಪಾರ ನೆತ್ತಿಗೇರುವ ಹೊತ್ತೆಂದರೆ ಕೋಳಿ ಕೂಗುವ ಮುಂಚೆ. ಇಲ್ಲಿ ಕೋಳಿ ಕೂಗಿದರೂ ಕೇಳುವವರಿಲ್ಲ.

ಇಲ್ಲೊಂದು ಧರ್ಮಸೂಕ್ಷ್ಮವಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವ್ಯಾಪಾರಿ ಪ್ರದೇಶದಲ್ಲಿ ಹಗಲು 65 ಡೆಸಿಬೆಲ್, ರಾತ್ರಿ 55 ಡೆಸಿಬೆಲ್ ಮೀರಕೂಡದು. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಇಬ್ಬರು ಎದುರುಬದುರು ನಿಂತು ಕ್ಷೇಮಸಮಾಚಾರ ವಿಚಾರಿಸಿಕೊಂಡರೇ 60 ಡೆಸಿಬೆಲ್ ಆಗುತ್ತದೆ. ಆದ್ದರಿಂದ ಕೋಯಂಬೇಡಿನಲ್ಲಿ ರಾತ್ರಿ ಎರಡು ಗಂಟೆಗೆ ‘ಅಣ್ಣಾ, ಕ್ಯಾರೆಟ್ಟು ಎಷ್ಟು?’ ಎಂದು ಕೇಳುವುದು ಕಾನೂನಿನ ಉಲ್ಲಂಘನೆ. ಉತ್ತರ ಹೇಳುವುದು ಅಪರಾಧಕ್ಕೆ ಕುಮ್ಮಕ್ಕು. ಸಗಟು ವ್ಯಾಪಾರ ನಿಯಮಬದ್ಧವಾಗಿ ನಡೆಯಬೇಕಾದರೆ ಎಲ್ಲರೂ ಕಿವಿಯಲ್ಲಿ ಪಿಸುಗುಡಬೇಕು. ಇದು ಅಸಾಧ್ಯವೆಂದು ಭಾವಿಸುವವರು ಮುಂದೆ ಬರುವ ಟವೆಲ್ ಪ್ರಕರಣವನ್ನು ಓದತಕ್ಕದ್ದು.

ಡೆಸಿಬೆಲ್ ಲೆಕ್ಕದ ಬಗ್ಗೆ ಗಿರಾಕಿಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಒಬ್ಬ ಟೊಮೆಟೊ ವ್ಯಾಪಾರಿ 70 ಡೆಸಿಬೆಲ್ ಕೂಗಿದರೆ ಇಬ್ಬರು ಸೇರಿ 140 ಕೂಗುವುದಿಲ್ಲ, ಬರೀ 73. ಇನ್ನೊಬ್ಬ ಸೇರಿದರೆ ಸುಮಾರು 75. ಅಂದರೆ ಹೊಸಬನೊಬ್ಬ ಪಕ್ಕದಲ್ಲಿ ಬುಟ್ಟಿಯಿಟ್ಟು ಗಂಟಲು ಹರಿದುಕೊಂಡರೂ ಒಟ್ಟು ಗದ್ದಲಕ್ಕೆ ಅವನ ಕಾಣಿಕೆ ಅತ್ಯಲ್ಪ. ಇದು ಅವನಿಗೂ ಗೊತ್ತು. ಹಾಗಾಗಿ ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಆಗ ಮೊದಲಿನವನಿಗೆ ತನ್ನ ದನಿ ತನಗೇ ಕೇಳದೆ ಅವನೂ ಏರಿಸುತ್ತಾನೆ. ಸುತ್ತ ಗದ್ದಲ ಹೆಚ್ಚಿದಾಗ ಮನುಷ್ಯ ಅರಿವಿಲ್ಲದೆ ದನಿ ಎತ್ತುತ್ತಾನೆಂದು ಫ್ರಾನ್ಸಿನ ಕಿವಿ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ತೋರಿಸಿದ. ಪಾಪ, ರೋಗಿಗಳ ಕಿವಿಗೆ ಯಂತ್ರದಿಂದ ಸದ್ದು ಹಾಯಿಸಿ ಕಂಡುಹಿಡಿದನಂತೆ. ಕೊತ್ವಾಲ್ ಚಾವಡಿಗೆ ಬಂದಿದ್ದರೆ ಯಂತ್ರದ ಖರ್ಚು ಉಳಿಯುತ್ತಿತ್ತು.

ಈಗ ಪ್ರಬಂಧದ ಹೃದಯಭಾಗ. ಸೂತ್ರ: ಕೂಗು ಏರಿದಂತೆ ಬೆಲೆ ಇಳಿಯುವುದು, ಬೆಲೆ ಏರಿದಂತೆ ಬಾಯಿ ಮುಚ್ಚುವುದು.

ಇದರ ವಿವರಣೆ. ಕೊತ್ತಂಬರಿ ಸೊಪ್ಪಿನವನು ಕೂಗಿದಷ್ಟು ಜೋರಾಗಿ ದಾಳಿಂಬೆಯವನು ಕೂಗುವುದಿಲ್ಲ. ಮಲ್ಲಿಗೆಯವಳು ಮುಹೂರ್ತದ ದಿನಗಳಲ್ಲಿ ಕೂಗುವುದೇ ಇಲ್ಲ. ಮೊಳ ಹಾಕುವ ಕೈಯನ್ನು ತುಸು ಒಳಕ್ಕೆ ಎಳೆದುಕೊಂಡು, ಕೇಳಿದವರ ಮುಖ ನೋಡಿ, ಬೇಕಾದರೆ ಬೆಲೆ ಹೇಳುತ್ತಾಳೆ. ದನದ ಜಾತ್ರೆಗೆ ಹೋಗಿ ನೋಡಿ. ತಮಿಳುನಾಡಾಗಲಿ ಕರ್ನಾಟಕವಾಗಲಿ, ಹಳೇ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಸೇರಿಸಿ ಬೆರಳು ಹಿಚುಕಿ ಜೋಡೆತ್ತಿನ ಬೆಲೆ ತೀರ್ಮಾನಿಸುತ್ತಾರೆ. ಲಕ್ಷದ ವ್ಯವಹಾರ, ಡೆಸಿಬೆಲ್ ಸೊನ್ನೆ. ಬೆವರು ಮಾತ್ರ ಬರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ, ಆದರೆ ಅವರು ಕೊಡದ ದರ ನಮೂದಿಸಿಲ್ಲವಾಗಿ ಅದನ್ನು ಪೂರ್ಣ ಪುರಾವೆ ಎನ್ನಲಾಗದು.

ಪೂರ್ಣ ಪುರಾವೆ ಸಿಕ್ಕಿದ್ದು 2023ರ ಜುಲೈಯಲ್ಲಿ. ಟೊಮೆಟೊ ಕಿಲೋಗೆ ನೂರು ದಾಟಿತು. ‘ಮೂರು ಕಿಲೋ ಐವತ್ತು’ ಎಂದು ನೆತ್ತಿಯ ನರ ಉಬ್ಬುವಂತೆ ಕೂಗುತ್ತಿದ್ದ ಅದೇ ಜನ, ಅದೇ ಹಣ್ಣನ್ನು ಬಟ್ಟೆಯಲ್ಲಿ ಒರೆಸಿ, ತೊಟ್ಟು ಮೇಲಾಗಿ ಸಾಲಿಟ್ಟು, ಚಿನಿವಾರರಂತೆ ಹಿಂದಕ್ಕೊರಗಿ ಕೂತರು. ಬೆಲೆ ಕೇಳಿದರೆ ಬೆರಳಲ್ಲಿ ತೋರಿಸುತ್ತಿದ್ದರು. ತಮಿಳುನಾಡು ಸರ್ಕಾರ ಚೆನ್ನೈಯ 82 ಪಡಿತರ ಅಂಗಡಿಗಳಲ್ಲಿ 60 ರೂಪಾಯಿಗೆ ಟೊಮೆಟೊ ಮಾರತೊಡಗಿತು. ಅಲ್ಲಿಯೂ ಕೂಗಿರಲಿಲ್ಲ, ಕ್ಯೂ ಇತ್ತು. ಕ್ಯೂ ಎಂಬುದು ಕೂಗಿನ ಅಭಾವರೂಪ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ.

ಪೂರ್ವಪಕ್ಷ: ಹಾಗಾದರೆ ಟಿ. ನಗರದ ಬಂಗಾರದ ಅಂಗಡಿಗಳು ಟೀವಿಯಲ್ಲಿ ಸಿನಿಮಾ ನಟರನ್ನಿಟ್ಟು ಊರಿಗೆಲ್ಲ ಕೇಳುವಂತೆ ಅರಚುವುದೇಕೆ? ಸಮಾಧಾನ: ಅವರು ಅರಚುವುದು ಬಂಗಾರದ ಬೆಲೆಯನ್ನಲ್ಲ, ಕೂಲಿಯ ರಿಯಾಯಿತಿಯನ್ನು. ರಿಯಾಯಿತಿ ಅಗ್ಗದ ವಸ್ತು. ಒಳಗೆ ಹೋಗಿ ಒಟ್ಟು ಬಿಲ್ಲು ಕೇಳಿ. ಎಷ್ಟು ಮೆಲ್ಲಗೆ ಹೇಳುತ್ತಾರೆಂದರೆ ಕ್ಯಾಲ್ಕುಲೇಟರನ್ನೇ ನಿಮ್ಮ ಕಡೆ ತಿರುಗಿಸುತ್ತಾರೆ. ಸೂತ್ರ ಅಬಾಧಿತ.

ಇಷ್ಟೂ ಮಾರುವವರ ಶಬ್ದವಾಯಿತು. ಕೊಳ್ಳುವವರ ಶಬ್ದ ಇನ್ನೂ ಸೂಕ್ಷ್ಮ, ಅದನ್ನು ಕೇಳಲು ಮೈಲಾಪುರದ ದಕ್ಷಿಣ ಮಾಡ ಬೀದಿಗೆ ಹೋಗಬೇಕು. ಕಪಾಲೀಶ್ವರ ದೇವಸ್ಥಾನದ ಪಕ್ಕದ ಈ ಬೀದಿಯಲ್ಲಿ ತರಕಾರಿ ಕೊಳ್ಳುವ ಮಾಮಿಯರು ಬೆಂಡೆಕಾಯಿಯನ್ನು ಕಣ್ಣಿಂದ ನೋಡುವುದಿಲ್ಲ, ಹೆಬ್ಬೆರಳಿಂದ ಕೇಳುತ್ತಾರೆ. ತುದಿಯನ್ನು ಬೆರಳಿಗಾನಿಸಿ ಒತ್ತಿದಾಗ ‘ಟಕ್’ ಎಂದರೆ ಎಳಸು, ಸದ್ದೇ ಇಲ್ಲದೆ ಬಾಗಿದರೆ ಬಲಿತದ್ದು. ಬಲಿತದ್ದನ್ನು ಗುಟ್ಟಾಗಿ ವಾಪಸು ರಾಶಿಗೆ, ಎಳಸನ್ನು ಬುಟ್ಟಿಗೆ. ಒಂದೊಂದು ‘ಟಕ್’ಗೂ ಗೋಣಿಯ ಮೇಲೆ ಕೂತವಳ ಮುಖದಲ್ಲಿ ಒಂದೊಂದು ಗೆರೆ ಮೂಡುತ್ತದೆ. ನಾಲ್ಕೈದು ಟಕ್ಕುಗಳನ್ನು ಆಕೆ ನುಂಗಿಕೊಳ್ಳುತ್ತಾಳೆ. ಆಮೇಲೆ ಸೊಪ್ಪಿಗೆ ಚಿಮುಕಿಸುತ್ತಿದ್ದ ನೀರನ್ನು ಹಾಗೇ ಕೈ ಬೀಸಿ ಬೆಂಡೆಯ ಮೇಲೂ ಚಿಮುಕಿಸಿ, ‘ಒಡಿಕ್ಕಾದೀಂಗಮ್ಮಾ!’ ಎನ್ನುತ್ತಾಳೆ. ಮುರಿಯಬೇಡಿ ಎಂದರ್ಥ, ವ್ಯಾಕರಣದಲ್ಲಿ ಇದು ನಿಷೇಧಾರ್ಥಕ. ಮಾಮಿ ಒದ್ದೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ತೆಂಗಿನಕಾಯಿಯತ್ತ ಹೊರಳುತ್ತಾರೆ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ನೀರಿನ ಸದ್ದು ಕೇಳುತ್ತಾರೆ, ಉಗುರಿಂದ ಕುಟ್ಟುತ್ತಾರೆ. ಸ್ಟೆಥಾಸ್ಕೋಪು ಹಿಡಿದ ಮಕ್ಕಳ ಡಾಕ್ಟರೂ ಇಷ್ಟು ಹೊತ್ತು ತೆಗೆದುಕೊಳ್ಳುವುದನ್ನು ಕಂಡಿಲ್ಲ.

ಚೌಕಾಸಿ ಮುಗಿದದ್ದು ಗೊತ್ತಾಗುವುದು ಕರಿಬೇವಿನಿಂದ. ದುಡ್ಡು ಕೊಟ್ಟ ಮೇಲೂ ಗಿರಾಕಿ ಕದಲದೆ ನಿಂತಾಗ ಮಾರುವವಳು ಒಂದೆಸಳು ಕರಿಬೇವು, ಎರಡು ಕಡ್ಡಿ ಕೊತ್ತಂಬರಿ ಎಳೆದು ‘ಸರಕ್’ ಎಂದು ಚೀಲಕ್ಕೆಸೆಯುತ್ತಾಳೆ. ಇದೇ ಕೊಸರು, ಗಡಿಯ ಎರಡೂ ಕಡೆ ಅದೇ ಹಠದಿಂದ ಕೇಳಲಾಗುತ್ತದೆ. ಕೊಸರಿಗೆ ಲಿಂಗವಿಲ್ಲ, ವಚನವಿಲ್ಲ, ಬೆಲೆಯಿಲ್ಲ, ಆದ್ದರಿಂದ ಅದನ್ನು ಅವ್ಯಯವೆಂದು ಪರಿಗಣಿಸಿದ್ದೇವೆ. ಮನೆಗೆ ದಿನಸಿ ತಂದುಕೊಡುವ ಆ್ಯಪುಗಳಲ್ಲಿ ಕರಿಬೇವಿಗೂ ದರವಿದೆ, ಅದು ಅಪಭ್ರಂಶ.

ೞಕಾರದ ಕುರಿತು ಒಂದು ಮಾತು ಹೇಳದಿದ್ದರೆ ಪರೀಕ್ಷಕರು ಬಿಡುವುದಿಲ್ಲ. ಈ ಅಕ್ಷರಕ್ಕಾಗಿ ಕೇಶಿರಾಜ ಬಹಳ ಪಾಡುಪಟ್ಟ. ಎಲ್ಲಿ ೞ, ಎಲ್ಲಿ ಳ ಎಂದು ವಿಂಗಡಿಸಿಟ್ಟ. ಏನು ಮಾಡಿದರೂ ಕನ್ನಡದವರು ಅದನ್ನು ಕಳೆದುಕೊಂಡರು, ತಮಿಳಿನವರು ಅಭಿಮಾನದಿಂದ ಉಳಿಸಿಕೊಂಡರು. ಆ ಕಳೆದುಹೋದ ಧ್ವನಿಯನ್ನು ಕಿವಿಯಾರೆ ಕೇಳಿ ಪುನೀತರಾಗೋಣವೆಂದು ಕೋಯಂಬೇಡಿನ ಬಾಳೆ ಮಂಡಿಗೆ ಹೋದರೆ, ಶುದ್ಧ ಮದರಾಸು ಭಾಷೆಯವನು ‘ವಾೞೈಪ್ಪೞಂ’ ಅನ್ನುವುದಿಲ್ಲ, ‘ವಾಯಪ್ಪಯಂ’ ಅನ್ನುತ್ತಾನೆ. ಗೊನೆ ಹೊತ್ತವನು ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ‘ಓರಂ, ಓರಂ’ ಎಂದು ಹಿಂದಿನಿಂದ ನುಗ್ಗುವಾಗ ಈ ಕುರಿತು ಹೆಚ್ಚಿನ ಚರ್ಚೆಗೆ ಅವಕಾಶವಿರುವುದಿಲ್ಲ.

ಯಾವ ಶಾಸ್ತ್ರಕ್ಕೂ ಒಂದು ನಿಶ್ಶಬ್ದ ಪ್ರಯೋಗ ಬೇಕು. ನಮ್ಮದು ಬೇಡದೆಯೇ ಒದಗಿತು. 2020ರ ಮೇ ತಿಂಗಳಲ್ಲಿ ಕೋವಿಡ್ ಸೋಂಕು ಹಬ್ಬಿ ಕೋಯಂಬೇಡನ್ನು ಮುಚ್ಚಿದರು, ತರಕಾರಿ ವ್ಯಾಪಾರವನ್ನು ತಿರುಮೞಿಸೈಗೆ ಸಾಗಿಸಿದರು, ಸೆಪ್ಟೆಂಬರ್ ಕೊನೆಗೆ ಮರಳಿ ತೆರೆದರು. ಆ ತಿಂಗಳುಗಳಲ್ಲಿ ಸದ್ದು 55 ಡೆಸಿಬೆಲ್ಲಿನೊಳಗೇ ಇದ್ದಿರಬೇಕು, ನಿಯಮ ಅಕ್ಷರಶಃ ಪಾಲನೆಯಾಗಿರಬೇಕು. ಅದಕ್ಕಾಗಿ ಯಾರೂ ಯಾರನ್ನೂ ಅಭಿನಂದಿಸಿದ ದಾಖಲೆ ನಮಗೆ ದೊರೆತಿಲ್ಲ.

ಕೊನೆಯದಾಗಿ, ಸೂತ್ರಕ್ಕೆ ಈಗ ಬಂದೊದಗಿರುವ ಗಂಡಾಂತರ. ಈಚೆಗೆ ಪ್ರತಿ ತಳ್ಳುಗಾಡಿಯಲ್ಲೂ ಒಂದು ಪುಟ್ಟ ಸೌಂಡ್‌ಬಾಕ್ಸ್ ಕೂತಿದೆ. ಗಿರಾಕಿ ಫೋನಿನಿಂದ ದುಡ್ಡು ಕಳಿಸಿದೊಡನೆ ಅದು ಇಷ್ಟು ರೂಪಾಯಿ ಬಂತೆಂದು ಸಾರುತ್ತದೆ. ಹತ್ತು ರೂಪಾಯಿಗೂ ಸಾವಿರಕ್ಕೂ ಅದೇ ಹೆಣ್ಣುದನಿ, ಅದೇ ಏರು. ಬೆಲೆಗೂ ಸದ್ದಿಗೂ ಇದ್ದ ನಂಟನ್ನೇ ಈ ಪೆಟ್ಟಿಗೆ ಕಡಿದುಹಾಕಿದೆ ಎಂದು ವಿರೋಧಿಗಳು ಸಂಭ್ರಮಿಸುತ್ತಿದ್ದಾರೆ. ಸೂತ್ರ ಉಳಿಸಿಕೊಳ್ಳುವ ಹೊಣೆಯನ್ನು ವ್ಯಾಪಾರಿಗಳೇ ಹೊತ್ತಿರುವುದನ್ನು ಅವರು ಗಮನಿಸಿಲ್ಲ. ಮಾರುಕಟ್ಟೆಗೆ ದಿನಾ ತಂಡಲಿನವನು ಬರುತ್ತಾನೆ: ಬಡ್ಡಿಯನ್ನು ಮೊದಲೇ ಮುರಿದುಕೊಂಡು ಸಾಲ ಕೊಟ್ಟು, ದಿನಕ್ಕೆ 100 ರೂಪಾಯಿಯಂತೆ 100 ದಿನ ವಸೂಲು ಮಾಡುವವನು. ಒಂದು ದಿನ ಅವನ ಬೈಕು ತಿರುವಿನಲ್ಲಿ ಕಂಡದ್ದೇ ತಡ, ಸಾಂಬಾರ್ ಈರುಳ್ಳಿಯವನು ಪೆಟ್ಟಿಗೆಯನ್ನು ಕೆಳಗಿಳಿಸಿ ಅದರ ಮೇಲೊಂದು ಗೋಣಿಮೂಟೆ ಎಳೆದ. ಇವತ್ತು ವ್ಯಾಪಾರವೇ ಇಲ್ಲಣ್ಣಾ, ಬೋಣಿ ಕೂಡ ಆಗಿಲ್ಲ ಎಂದು ಅತ್ಯಂತ ಮೆಲ್ಲಗೆ ಹೇಳುತ್ತಿದ್ದ. ಅಷ್ಟರಲ್ಲಿ, ಆಗತಾನೆ ಈರುಳ್ಳಿ ಒಯ್ದಿದ್ದ ಮೆಸ್ಸಿನ ಹುಡುಗನ ಫೋನಿಗೆ ಸಿಗ್ನಲ್ ಸಿಕ್ಕಿರಬೇಕು. ಮೂಟೆಯ ಕೆಳಗಿಂದ ಸ್ವಚ್ಛ ತಮಿಳಿನಲ್ಲಿ 450 ರೂಪಾಯಿ ಬಂತೆಂಬ ಘೋಷಣೆಯಾಯಿತು. ಇಬ್ಬರೂ ಮೂಟೆಯನ್ನು ನೋಡಿದರು. ತಂಡಲಿನವನು ಜೇಬಿನಿಂದ ಕಾರ್ಡು, ಪೆನ್ನು ತೆಗೆದ.