ಅತ್ತೆಯ ಉಳ್ಳಾಗಡ್ಡಿ

ಹೈದರಾಬಾದಿನ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ಬೆನ್ನು ಹತ್ತಿ ಹುಟ್ಟಿದ್ದು, 1958ರಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. ಅದರ ಶಾಖೆಗಳು ಓಣಿಗೊಂದರಂತೆ ಇವೆಯೆಂದು ನನಗೆ ಗೊತ್ತಾದದ್ದು, ಬೀದರಿನ ಸೋದರತ್ತೆ ಕಿಮೋಗೆಂದು ಕಾಚಿಗುಡದ ನಮ್ಮ ಮನೆಗೆ ಬಂದ ಮೇಲೆ.

ನಮ್ಮ ಬೀದರ, ರಾಯಚೂರಿನ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಹೈದರಾಬಾದೇ. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ, ಬಂಜಾರಾ ಹಿಲ್ಸ್‌ನ ಬಸವತಾರಕಂ ಇದೆ. ಎರಡನೆಯದರ ಹೆಸರಿನಲ್ಲಿ ಬಸವ ಇರುವುದೇ ಅತ್ತೆಗೆ ಅರ್ಧ ಧೈರ್ಯ. ಅದು ಎನ್.ಟಿ.ಆರ್. ಪತ್ನಿಯ ಹೆಸರೆಂದು ಹೇಳಿ ಆ ಧೈರ್ಯವನ್ನು ಕೆಡಿಸಲು ಯಾರೂ ಹೋಗಲಿಲ್ಲ.

ನೋಡಲು ಬಂದವರೆಲ್ಲ ತಜ್ಞರೇ. ಒಬ್ಬರು ಹಾಲು ಬಿಡಿಸಿದರು, ಇನ್ನೊಬ್ಬರು ಅನ್ನ. ಮತ್ತೊಬ್ಬರು ಲಕ್ಷ್ಮಣಫಲದ ಎಲೆ ತಂದು ಕಷಾಯದ ಅಳತೆಯನ್ನೂ ಹೇಳಿಹೋದರು. ಸಿಹಿ ತಿಂದರೆ ಗಡ್ಡೆ ಬೆಳೆಯುತ್ತದೆ ಎಂಬುದರಲ್ಲಂತೂ ಎಲ್ಲರದೂ ಒಮ್ಮತ. ಅವರ ಮಾತನ್ನೆಲ್ಲ ಪಾಲಿಸಿದ್ದರೆ ಅತ್ತೆಗೆ ಉಳಿಯುತ್ತಿದ್ದದ್ದು ಅವರು ತಂದ ಸೇಬಿನ ಮೇಲಿನ ಸ್ಟಿಕ್ಕರ್ ಒಂದೇ.

ಆಸ್ಪತ್ರೆಯ ಡಯಟೀಶಿಯನ್ ಹುಡುಗಿ ಹೇಳಿದ್ದು ಇದಕ್ಕೆ ತದ್ವಿರುದ್ಧ: ಏನನ್ನಾದರೂ ಬಿಡುವ ಕಾಲ ಇದಲ್ಲ, ತೂಕ ಇಳಿಯಬಾರದು. ದೇಹದ ಪ್ರತಿ ಕೋಶಕ್ಕೂ ಗ್ಲುಕೋಸ್ ಬೇಕು. ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ, ಉಳಿದವರು ಸಿಹಿಯೊಂದನ್ನು ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ಆರೋಗ್ಯವಂತರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕಾದರೆ, ಇಂಥವರಿಗೆ ಒಂದರಿಂದ ಒಂದೂವರೆ ಗ್ರಾಂ. ಮೂರು ಹೊತ್ತು ಉಣ್ಣಲಾಗದಿದ್ದರೆ ಆರು ಹೊತ್ತು ತುಸು ತುಸುವೇ ತಿನ್ನಲಿ.

“ಅಮ್ಮಾ, ದಿನಾ ಎರಡು ಮೊಟ್ಟೆ?”

“ನಕ್ಕೋ,” ಎಂದಳು ಅತ್ತೆ, ಬೀದರಿನ ಉರ್ದುವಿನಲ್ಲಿ. ಕೊರಳ ಲಿಂಗವನ್ನೂ ತೋರಿಸಿದಳು.

ನನಗೆ ಹೊಟ್ಟೆ ಉರಿದದ್ದು ಅಲ್ಲೇ. ಈ ಊರಿನ ಹಲೀಮ್ ನೋಡಿ: ಗೋಧಿ, ಬೇಳೆ, ಮಾಂಸ, ತುಪ್ಪ, ಗಂಟೆಗಟ್ಟಲೆ ಕುದಿಸಿ ಕುಟ್ಟಿ ಅಗಿಯುವ ಕೆಲಸವನ್ನೇ ಉಳಿಸದ ತಿನಿಸು. ಮಸಾಲೆ ಇಳಿಸಿದರೆ ಬಾಯಿ ಹುಣ್ಣಾದವರಿಗೆಂದೇ ಮಾಡಿದಂತಿದೆ. 2010ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಲಿಂಗಾಯತರ ಮನೆಯಲ್ಲಿ ಅದರಿಂದೇನು ಉಪಯೋಗ!

ಹಾಗಾಗಿ ನಮ್ಮದು ಮುದ್ದಿಪಲ್ಲೆ, ಪನೀರು, ಮನೆಯ ಮೊಸರು, ಶೇಂಗಾ ಹೋಳಿಗೆ. ಹೋಳಿಗೆಯ ವಿಷಯದಲ್ಲಿ ಡಯಟೀಶಿಯನ್ ಮತ್ತು ಅತ್ತೆಗೆ ಭಿನ್ನಾಭಿಪ್ರಾಯ ಇರಲಿಲ್ಲ. ರೊಟ್ಟಿಯನ್ನು ಬಿಸಿ ಬೇಳೆಕಟ್ಟಿನಲ್ಲಿ ಮುರಿದು ನೆನೆಹಾಕುತ್ತಿದ್ದೆವು.

“ತಮ್ಮಾ, ರೊಟ್ಟಿ ಕಬ್ಬಿಣ ನೆಕ್ಕಿದಂಗ ಹತ್ತಲಾಕತ್ತದ.”

ಕೆಲವು ಔಷಧಗಳಿಂದ ಹಾಗಾಗುತ್ತದಂತೆ. ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದು ಕೊಡಿ ಎಂದಿದ್ದರು. ತಂದುಕೊಟ್ಟೆ. “ರೊಟ್ಟಿಗಿ ಚಮಚ ಹಚ್ಚೋ ಮಂದಿ ಯಾ ಊರಾಗ ಅದಾರ?” ಎಂದು ಅದನ್ನು ಪಕ್ಕಕ್ಕಿಟ್ಟಳು. ನಿಂಬೆಹುಳಿ ಹಿಂಡಿದ ಮೇಲೆ ಕಬ್ಬಿಣ ತುಸು ಕರಗಿತು.

ನಿಜವಾದ ಜಗಳ ಹಸಿ ಉಳ್ಳಾಗಡ್ಡಿಯದು. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಹಸಿಯದನ್ನು ಕೊಡಬೇಡಿ, ಸೋಂಕು ತಗಲೀತು ಎಂದು ಆಸ್ಪತ್ರೆಯ ಕಟ್ಟಪ್ಪಣೆ. ಕೂದಲು ಹೋದದ್ದಕ್ಕೆ ಅಳದ ಅತ್ತೆ ಇದಕ್ಕೆ ಮುಖ ಊದಿಸಿದಳು. ಉಳ್ಳಾಗಡ್ಡಿ ಇಲ್ಲದ ರೊಟ್ಟಿಯೂಟ ಅವಳ ಲೆಕ್ಕದಲ್ಲಿ ಊಟವೇ ಅಲ್ಲ.

ಕಡೆಗೆ ದಾರಿ ಕಂಡುಕೊಂಡದ್ದು ಅವಳೇ. ಇಡೀ ಗಡ್ಡೆಯನ್ನು ಗ್ಯಾಸಿನ ಉರಿಯ ಮೇಲಿಟ್ಟು, ಇಕ್ಕಳದಿಂದ ತಿರುವಿ ತಿರುವಿ, ಒಳಗಿನ ಪದರವೆಲ್ಲ ಮೆತ್ತಗಾಗಿ ರಸ ಸೊರಗುಟ್ಟುವವರೆಗೆ ಸುಟ್ಟಳು. ಕರಿ ಸಿಪ್ಪೆ ಸುಲಿದು, ಉಪ್ಪು ಹಾಕಿ, ಖಾರವಿಲ್ಲದ ಶೇಂಗಾ ಹಿಂಡಿಯ ಜೊತೆ ನೆಂಚಿಕೊಂಡಳು. ಆ ಪಾಪದ ಹಿಂಡಿಯನ್ನು ‘ಮುಖಕ್ಕ ಹಚ್ಚೋ ಪೌಡರ್’ ಎಂದು ಬೈಯುತ್ತಲೇ ಒಂದೂವರೆ ರೊಟ್ಟಿ ಮುಗಿಸಿದಳು.

ಮುಂದಿನ ಭೇಟಿಯಲ್ಲಿ ಡಯಟೀಶಿಯನ್ ಹುಡುಗಿ ಈ ವಿಧಾನವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು; ಅತ್ತೆ ಉರಿ ಸಣ್ಣಗಿರಬೇಕೆಂದು ತಿದ್ದಿಸಿದಳು.