ಎಂಟರಲ್ಲಿ ಒಂದು ಪಾಲು

ಇಂದಿರಾನಗರದಲ್ಲಿ ಮನೆ ಕೊಳ್ಳುತ್ತೇವೆ ಎಂದಾಗ ಹನುಮಂತನಗರದ ನಮ್ಮ ನೆಂಟರಿಷ್ಟರಲ್ಲಿ ಎರಡು ಪಂಗಡಗಳಾದವು. ಒಂದು ಪಂಗಡ ಅಷ್ಟು ದುಡ್ಡು ಎಲ್ಲಿಂದ ಬಂತು ಎಂದು ಕೇಳಿತು. ಇನ್ನೊಂದು ಕೇಳಲಿಲ್ಲ, ತಾನೇ ಲೆಕ್ಕ ಹಾಕಿಕೊಂಡಿತು. ಸೋದರಮಾವನ ಚಿಂತೆಯೇ ಬೇರೆ. "ಅಲ್ಲಿ ಬಾಳೆಎಲೆ ಸಿಗುತ್ತೇನೋ? ಬರೀ ಪಬ್ಬು ಅಂತಾರಪ್ಪ!" ಬೆಂಗಳೂರು ಹಲಸೂರಿನ ಕೆಂಪೇಗೌಡ ಗೋಪುರಕ್ಕೆ ಮುಗಿಯಿತು, ಅದರಾಚೆ ಹೋಗುವವರು ಪಾಸ್‌ಪೋರ್ಟ್ ಇಟ್ಟುಕೊಂಡಿರಬೇಕು ಎಂದು ಮಾವ ಇವತ್ತಿಗೂ ನಂಬಿದ್ದಾರೆ.

ಮಗಳಿಗೆ ದೊಮ್ಮಲೂರಿನಲ್ಲಿ ಕೆಲಸ. ಹಾಗಾಗಿ ಹುಡುಕಾಟವೂ ಆ ಕಡೆಯೇ ನಡೆಯಿತು. ಮೊದಲು ನೋಡಿದ ಕಟ್ಟಡದ ನಾಲ್ಕನೇ ಮಹಡಿಯ ಮನೆ ನನ್ನ ಹೆಂಡತಿಗೆ ಬಹಳ ಹಿಡಿಸಿತು. ಗಾಳಿ, ಬೆಳಕು, ಪೂರ್ವಕ್ಕೆ ಬಾಗಿಲು. ಲಾಯರು ಕಾಗದ ನೋಡಿ, ಮಂಜೂರಾದ ನಕ್ಷೆಯಲ್ಲಿ ಇರುವುದು ಮೂರೇ ಮಹಡಿ ಎಂದರು. "ರೀ, ಅಡುಗೆಮನೆ ಕಟ್ಟೆ ನಾನೇ ಮುಟ್ಟಿ ನೋಡಿದೀನಲ್ಲ!" ಎಂದಳು ಇವಳು. ಮುಟ್ಟಿದ್ದು ನಿಜವೇ. ಸರ್ಕಾರದ ದೃಷ್ಟಿಯಲ್ಲಿ ಅವಳು ಮುಟ್ಟಿದ್ದು ಬರೀ ಆಕಾಶವನ್ನು. ಒ.ಸಿ., ಅಂದರೆ ಸ್ವಾಧೀನಾನುಭವ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲಂತೂ ಅಂಥ ಆಕಾಶದಲ್ಲಿ ಸಂಸಾರ ಹೂಡುವುದು ಕಷ್ಟ.

ಎರಡನೆಯದು 40×60ರ ನಿವೇಶನದ ಮೇಲೆ ಎದ್ದಿದ್ದ ಕಟ್ಟಡ. ಕೆಳಗೆ ಪಾರ್ಕಿಂಗು, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡು ಮನೆ. "ಎಂಟೇ ಮನೆ ಸಾರ್, ತುಂಬಾ ಎಕ್ಸ್‌ಕ್ಲೂಸಿವ್" ಎಂದ ಮಾರ್ಕೆಟಿಂಗ್ ಹುಡುಗ. ಎಂಟೇ ಯಾಕೆ ಎಂಬುದು ಆಮೇಲೆ ಲಾಯರಿಂದ ತಿಳಿಯಿತು. 2016ರ ರೇರಾ ಕಾಯಿದೆಯ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಬಿಲ್ಡರು ರೇರಾ ನೋಂದಣಿ ಮಾಡಿಸುವುದೇ ಬೇಕಿಲ್ಲ. 40×60 ಎಂದರೆ 223 ಚದರ ಮೀಟರು. ಇಂದಿರಾನಗರದ ಹಳೆಯ ಸೈಟುಗಳ ಮೇಲೆ ಎಂಟೆಂಟು ಮನೆಗಳು ಮೊಳೆಯುತ್ತಿರುವುದಕ್ಕೆ ವಾಸ್ತುವಿಗಿಂತ ಬಲವಾದ ಕಾರಣ ಇದು.

ಹುಡುಗ ಮನೆಗಿಂತ ಬೀದಿಯನ್ನೇ ಹೆಚ್ಚು ಹೊತ್ತು ಮಾರಿದ. ನೂರಡಿ ರಸ್ತೆ ಹತ್ತಿರ, ಹನ್ನೆರಡನೇ ಮೇನ್ ಇನ್ನೂ ಹತ್ತಿರ, ಸಿಎಂಎಚ್ ರಸ್ತೆಯ ಮೆಟ್ರೊಗೆ ಏಳು ನಿಮಿಷ. (ಅದೇ ಮೆಟ್ರೊ ಬೇಡವೇ ಬೇಡ ಎಂದು ಅದೇ ರಸ್ತೆಯ ವರ್ತಕರು ಹೋರಾಡಿದ್ದು, 2011ರ ಅಕ್ಟೋಬರಿನಲ್ಲಿ ರೈಲು ಓಡಿದ ಮೇಲೆ ಬಾಡಿಗೆ ಜಾಹೀರಾತುಗಳೆಲ್ಲ ಅದರ ಹೆಸರಿನಿಂದಲೇ ಶುರುವಾಗಿದ್ದು ಅವನು ಹುಟ್ಟಿ ಶಾಲೆಗೆ ಹೋಗುತ್ತಿದ್ದ ಕಾಲದ ಕಥೆ.) ಕೊನೆಯ ಬಾಣವಾಗಿ, "ದ್ರಾವಿಡ್ ಏರಿಯಾ ಸಾರ್" ಎಂದ. 2021ರ ಆ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ರೇಗಿ, ಬ್ಯಾಟಿನಲ್ಲಿ ಪಕ್ಕದ ಕಾರಿನ ಕನ್ನಡಿ ಒಡೆದು, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿದ್ದನ್ನು ನಾಡೆಲ್ಲ ನೋಡಿದೆ. ಅಷ್ಟು ಸಮಾಧಾನದ ಮನುಷ್ಯನನ್ನೇ ಹಾಗೆ ಮಾಡಿದ ಟ್ರಾಫಿಕ್ಕನ್ನು ಹುಡುಗ ಸವಲತ್ತುಗಳ ಪಟ್ಟಿಗೆ ಸೇರಿಸಿದ್ದು ನನಗೆ ಮೆಚ್ಚುಗೆಯಾಯಿತು.

ನಮ್ಮನ್ನು ಅವನು ಕರೆದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಕೋಗಿಲೆ ಕೂಗುತ್ತಿತ್ತು. ಶನಿವಾರ ರಾತ್ರಿ ಬಂದು ಮನೆ ನೋಡಿ ಎಂದು ಇಂದಿರಾನಗರದ ಯಾವ ಬಿಲ್ಡರೂ ಹೇಳಿದ ದಾಖಲೆ ಇರಲಾರದು. ಈಗ ಶನಿವಾರ ರಾತ್ರಿ ಹತ್ತಾದರೆ ನಮ್ಮ ದೇವರಮನೆಯ ಗಂಟೆ, ಯಾರೂ ಮುಟ್ಟದೆ, ಪಕ್ಕದ ರಸ್ತೆಯ ಡ್ರಮ್ಮಿನ ತಾಳಕ್ಕೆ ಸಣ್ಣಗೆ ಅದುರುತ್ತದೆ.

ಅಳತೆಯ ವಿಚಾರಕ್ಕೆ ಬಂದರೆ, ನಾವು ದುಡ್ಡು ಕೊಟ್ಟಿದ್ದು 1,240 ಚದರಡಿಗೆ. ಒಳಗೆ ಚಾಪೆ ಹಾಸಲು ಸಿಗುವುದು 870. "ಮಿಕ್ಕ 370 ಎಲ್ಲಪ್ಪ?" ಎಂದು ಕೇಳಿದೆ. "ಗೋಡೆ, ಬಾಲ್ಕನಿ, ಲಿಫ್ಟು, ಮೆಟ್ಟಿಲು, ಲಾಬಿ ಸಾರ್." ಹಾಗಾದರೆ ದಿನಾ ಸ್ವಲ್ಪ ಹೊತ್ತು ಲಿಫ್ಟಿನಲ್ಲಿ ಕೂತು ಬನ್ನಿ, ದುಡ್ಡು ವಸೂಲಾಗಲಿ ಎಂದಳು ನನ್ನ ಹೆಂಡತಿ.

ಇನ್ನು ನೆಲ. 2,400 ಚದರಡಿ ನಿವೇಶನದಲ್ಲಿ ಎಂಟರಲ್ಲಿ ಒಂದು ಪಾಲು, ಅಂದರೆ 300 ಚದರಡಿ ಭೂಮಿ ನನ್ನದು ಎಂದು ಕ್ರಯಪತ್ರ ಹೇಳುತ್ತದೆ. ಎಲ್ಲಿದೆ ಎಂದು ಹೇಳುವುದಿಲ್ಲ. ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪಂದಿರು ಪಾಲಾದಾಗ ತೆಂಗಿನಮರಗಳನ್ನು ಮುಟ್ಟಿ ಮುಟ್ಟಿ ಎಣಿಸಿದ್ದರು. ಒಂದು ಮರ ಬದುವಿನ ಮೇಲಿತ್ತೆಂದು ಅದರ ಕಾಯಿಗೆ ಇಪ್ಪತ್ತು ವರ್ಷ ಜಗಳವಾಡಿದರು. ಹಾಗೆ ಜಗಳವಾಡಲಿಕ್ಕಾದರೂ ಬದು ಎಲ್ಲಿದೆ ಅಂತ ಗೊತ್ತಿರಬೇಕಲ್ಲ?

ಲಾಯರು ಮೂವತ್ತು ವರ್ಷದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸುತ್ತಿದ್ದ ದಿನಗಳಲ್ಲಿ ನಾವಿಬ್ಬರೂ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿಯ ತಮಿಳು ಶಾಸನಗಳಲ್ಲಿ ಒಂದು, ಗಂಡಹೆಂಡತಿ ಸೇರಿ ದೇವರಿಗೆ ಜಮೀನು ಬಿಟ್ಟದ್ದನ್ನು ಜಲಪಳ್ಳಿ, ವಿಣ್ಣಮಂಗಲದ ಕೆರೆ ಎಂದು ಹೆಸರು ಹಿಡಿದು ಹೇಳುತ್ತದೆ. ಆ ವಿಣ್ಣಮಂಗಲವೇ ಬಿನ್ನಮಂಗಲ. ಇಂದಿರಾನಗರಕ್ಕೆ ಇಂದಿರಾ ಗಾಂಧಿಯವರ ಹೆಸರು ಬರುವ ಮೊದಲು ಇದೂ ಬಿನ್ನಮಂಗಲದ ಬಡಾವಣೆಯೇ. 1270ರ ಇನ್ನೊಂದು ಶಾಸನವಿದೆ, ಬಾಗಿಲುವಾಡದ ಎರಡು ಕಂಬ ಮಾಡಿಸಿಕೊಟ್ಟ ಪುಣ್ಯಾತ್ಮನದು. ಎರಡೇ ಕಂಬ, ಅದಕ್ಕೊಂದು ಶಾಸನ! ನಮ್ಮ ಬಿಲ್ಡರು ಬ್ರೋಷರಿನಲ್ಲಿ ಬಣ್ಣಬಣ್ಣದಲ್ಲಿ ಅಚ್ಚು ಹಾಕಿಸಿದ್ದ ತೇಗದ ಬಾಗಿಲು ಮೊದಲ ಮಳೆಗೇ ಉಬ್ಬಿ, ಮುಚ್ಚಲು ಮೊಣಕೈಯಲ್ಲಿ ಒತ್ತಬೇಕಾಯಿತು. ಉಬ್ಬಿದ ಕಡೆ ಸಿಪ್ಪೆ ಎದ್ದು, ಒಳಗಿನ ಹೊಟ್ಟು ಕಂಡಿತು.

ನೋಂದಣಿಯ ಕಥೆ ಚಿಕ್ಕದು. ಆಷಾಢ ಬೇಡ ಎಂದು ಸೋದರಮಾವ ಹಟ ಹಿಡಿದರು. ಶ್ರಾವಣದಲ್ಲಿ ಬಿಲ್ಡರು ಸಿಗಲಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ನವರಾತ್ರಿಯಲ್ಲಿ, ಪ್ರಶಸ್ತ ಮುಹೂರ್ತದಲ್ಲಿ, ಶೇಕಡಾ 5ರ ಮುದ್ರಾಂಕ ಶುಲ್ಕದ ಜೊತೆಗೆ ಅದನ್ನೂ ಕಟ್ಟಿದೆವು. ಮಾವ ಬಂದು ಅಕ್ಷತೆ ಹಾಕಿದರು. ಅಷ್ಟರಲ್ಲಿ ಊರು ಐದು ಪಾಲಿಕೆಗಳಾಗಿ, ಪೂರ್ವ ದಿಕ್ಕಿನ ನಾವು 'ಕೇಂದ್ರ' ನಗರಪಾಲಿಕೆಗೆ ಸೇರಿದ್ದೆವು. ಮಾವನಿಗೆ ಆ ಸುದ್ದಿ ಹೇಳಿದ್ದಕ್ಕೆ ಸಂತೋಷಪಟ್ಟರು.

ಎಂಟು ಮನೆಗಳಲ್ಲಿ ಈಗ ಆರು ಭಾಷೆ. ವಾಯುಪಡೆಯಿಂದ ನಿವೃತ್ತರಾದ ಪಂಜಾಬಿ ಸಾಹೇಬರು, ಹಲಸೂರಿನ ತಮಿಳು ಸಂಸಾರ, ತ್ರಿಶೂರಿನ ಗಂಡಹೆಂಡಿರು, ಬೆಳಿಗ್ಗೆ ಮಲಗಿ ಸಂಜೆ ಏಳುವ ಇಬ್ಬರು ಹುಡುಗರು. ಬಾಳೆಎಲೆ ಎಲ್ಲಿ ಒಳ್ಳೆಯದು ಸಿಗುತ್ತದೆಂದು ನನಗೆ ತೋರಿಸಿಕೊಟ್ಟವರು ಆ ಹಲಸೂರಿನವರು. ಆದರೆ ನಿಜವಾದ ಯಜಮಾನಿ ಮೊದಲ ಮಹಡಿಯ ಅಮ್ಮ. ಅವರ ಯಜಮಾನರು ಎಚ್‌ಎಎಲ್‌ನಲ್ಲಿದ್ದಾಗ ಸಿಕ್ಕ ಸೈಟು ಇದು. ಬಿಲ್ಡರಿಗೆ ಜಾಗ ಕೊಟ್ಟು, ಅದಕ್ಕೆ ಪ್ರತಿಯಾಗಿ ನಾಲ್ಕು ಮನೆ ಇಟ್ಟುಕೊಂಡಿದ್ದಾರೆ. ತಾರಸಿ ಎಲ್ಲರದೂ ಹೌದು, ಆದರೆ ಬೇಸಿಗೆಯಲ್ಲಿ ಅಲ್ಲಿ ಅವರ ಸಂಡಿಗೆ ಒಣಗುತ್ತದೆ. ಸಾಹೇಬರು ಯೋಗಾಭ್ಯಾಸಕ್ಕೆ ಹೋದವರು ಕಾಗೆ ಓಡಿಸಿ ಬರುತ್ತಾರೆ.

ಒಂದು ಸಂಜೆ ಪಾರ್ಕಿಂಗಿನಲ್ಲಿ ಸಿಕ್ಕ ಅಮ್ಮನನ್ನು ಕೇಳಿಯೇಬಿಟ್ಟೆ: "ನನ್ನ 300 ಚದರಡಿ ಎಲ್ಲಿ ಬರುತ್ತೆ ಅಂತೀರಮ್ಮ?" ಅವರು ಸುತ್ತ ನೋಡಿದರು. ಸಂಪಿಗೆ ಮರ ಇದ್ದ ಕಡೆ ಸಾಹೇಬರ ಕಾರು ನಿಂತಿತ್ತು. ಸೀಬೆಗಿಡದ ಜಾಗದಲ್ಲಿ ಲಿಫ್ಟು. ಕೊನೆಗೆ ಮೂಲೆಯ ಕಬ್ಬಿಣದ ಮುಚ್ಚಳದ ಕಡೆ ಕೈ ತೋರಿಸಿ, "ಆ ಬೋರ್‌ವೆಲ್ ಇದೆಯಲ್ಲ, ಅದರ ಅಕ್ಕಪಕ್ಕ ನಿಮ್ಮದು ಅಂದ್ಕೊಳ್ಳಿ" ಎಂದರು. ಉದಾರವಾಗಿಯೇ ಕೊಟ್ಟರು. ಬೋರ್‌ವೆಲ್ ಬತ್ತಿ ಎಷ್ಟೋ ಕಾಲವಾಗಿದೆ, ನೀರು ಟ್ಯಾಂಕರಿನದು.

ಇಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ನನ್ನ ಹೆಂಡತಿ ಈ ಮಾತನ್ನು ತ್ರಿಶೂರಿನವರಿಗೆ ತಮಾಷೆಗೆ ಹೇಳಿದಳು. ಮುಂದಿನ ಭಾನುವಾರದ ಸಭೆಯಲ್ಲಿ ಬೋರ್‌ವೆಲ್ ಫ್ಲಶಿಂಗ್ ಮಾಡಿಸುವ ವಿಷಯ ಬಂತು. ಖರ್ಚನ್ನು ಎಂಟು ಪಾಲು ಮಾಡೋಣ ಎಂದೆ. "ಅದು ಹೇಗೆ?" ಎಂದು ಸಾಹೇಬರು ತಮ್ಮ ಮುರುಕು ಕನ್ನಡದಲ್ಲಿ ಕೇಳಿದರು, "ಅದು ನಿಮ್ಮ ಜಾಗ ಅಲ್ವಾ?"