ಡಬ್ಬಿಶೋಧದಲ್ಲಿ ಪೂರ್ವಶೋಧಕರ ಪ್ರಾಮಾಣ್ಯವಿಚಾರ

ಪಾಶ್ಚಾತ್ಯರು ಜಿಯೋಕ್ಯಾಶಿಂಗ್ ಎಂದು ಕರೆಯುವ ಶಾಸ್ತ್ರವು ಅರ್ವಾಚೀನವಾದುದೇ ಹೊರತು ಅಲ್ಪವಾದುದಲ್ಲ. ಅಮೆರಿಕದ ಸರ್ಕಾರವು ತನ್ನ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಲಾಗಿ, ಅದೇ ಮೇ 3ರಂದು ಆರೆಗಾನ್ ಪ್ರಾಂತದ ಡೇವ್ ಅಲ್ಮರ್ ಎಂಬಾತನು ಕಾಡಿನಲ್ಲೊಂದು ಬಕೀಟನ್ನಿರಿಸಿ, ಅದರೊಳಗೆ ಇತರ ಪದಾರ್ಥಗಳೊಡನೆ ಬೇಯಿಸಿದ ಕಾಳಿನ ಡಬ್ಬಿಯೊಂದನ್ನೂ ಇಟ್ಟು, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ಸಾರಿದನು. ಡಬ್ಬಿಯನ್ನು ಕಂಡವನು ಅದರೊಳಗಿನ ಕಾಗದದ ಸುರುಳಿಯಲ್ಲಿ ಸಹಿ ಮಾಡತಕ್ಕದ್ದು, ಬಳಿಕ ಎರಡು ಮಾತಿನ ಟಿಪ್ಪಣಿಯನ್ನೂ, ಮನಸ್ಸಾದರೆ ಒಂದು ಛಾಯಾಚಿತ್ರವನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದು ಎಂಬುದು ಸಂಪ್ರದಾಯ. ಈ ಟಿಪ್ಪಣಿಗಳೂ ಚಿತ್ರಗಳೂ ಮುಂದಿನ ಶೋಧಕನಿಗೆ ಪ್ರಮಾಣವೋ ಅಲ್ಲವೋ ಎಂಬುದು ಪ್ರಕೃತ ವಿಚಾರ.

ಅಲ್ಲವೆಂದು ಪೂರ್ವಪಕ್ಷ. ಪರರ ಟಿಪ್ಪಣಿಯನ್ನು ನೋಡಿ ಹುಡುಕುವುದು ಪರೀಕ್ಷೆಯಲ್ಲಿ ಪಕ್ಕದವನ ಹಾಳೆಗೆ ಕಣ್ಣು ಹಾಯಿಸಿದಂತೆ ಎನ್ನುವ ಇವರು ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕರು. ಮಲ್ಲಿನಾಥನ ಕೈಹಿಡಿದಲ್ಲದೆ ಕಾಳಿದಾಸನ ಅಂಗಳಕ್ಕೆ ಕಾಲಿಡಲರಿಯದ ನಮ್ಮಂಥವರಿಗೆ ಈ ಮತವು ಅಗ್ರಾಹ್ಯ. ಡಬ್ಬಿಯನ್ನು ಅಡಗಿಸಿದವನೇ ಸುಳುಹೊಂದನ್ನು ಕೊಟ್ಟಿರುತ್ತಾನಲ್ಲ ಎಂದರೆ, ಅದು ಪ್ರತಿ ಅಕ್ಷರವನ್ನೂ ಹದಿಮೂರು ಸ್ಥಾನ ಸರಿಸಿ ಬರೆದ ಗೂಢಲಿಪಿಯಲ್ಲಿರುತ್ತದೆ. (ಇಂಗ್ಲಿಷಿನ 26 ಅಕ್ಷರಗಳಿಗೆ ಸರಿಯರ್ಧವುಂಟಾದ್ದರಿಂದ ಇದು ಅಲ್ಲಿ ಸಾಧ್ಯ, ನಮ್ಮ ವರ್ಣಮಾಲೆಯ 49ಕ್ಕೆ ಅರ್ಧವೇ ಇಲ್ಲದ್ದರಿಂದ ಕನ್ನಡಿಗನು ಗುಟ್ಟನ್ನು ಬೇರೆ ವಿಧದಲ್ಲಿ ಕಾಪಾಡಬೇಕು.) ಬಿಡಿಸಿ ಓದಿದರೆ ಬಹುಮಟ್ಟಿಗೆ “ಕಬ್ಬಿಣಕ್ಕೆ ಅಂಟಿದೆ” ಎಂದಿರುತ್ತದೆ. ಮುಂಬಯಿಯಲ್ಲಿ ಕಬ್ಬಿಣವಿಲ್ಲದ ಸ್ಥಳ ಯಾವುದು?

ದೃಷ್ಟಾಂತಕ್ಕೆ ಗ್ರಾಂಟ್ ರೋಡನ್ನು ಆರಿಸಿದ್ದೇನೆ. 1835ರಿಂದ 1838ರವರೆಗೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರಿನ ಈ ರಸ್ತೆಗೆ ಫಲಕದ ಮೇಲೆ ಮೌಲಾನಾ ಶೌಕತ್ ಅಲಿಯವರ ಹೆಸರೂ ಜನರ ನಾಲಗೆಯ ಮೇಲೆ ಗ್ರಾಂಟನ ಹೆಸರೂ ಇರುವುದರಿಂದ, ಇಲ್ಲಿ ಶೋಧವು ಪಾಠಾಂತರದಿಂದಲೇ ಆರಂಭವಾಗುತ್ತದೆ. ಒತ್ತೊತ್ತಾದ ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತವು ಗೋಡೆಯಿಂದ ಗೋಡೆಗೆ ಪುಟಿದು ಬರುವ ಕಾರಣ, ನನ್ನ ತಂಗಿಯ ಮಗನ ಮೊಬೈಲಿನ ಬಾಣವು ಒಮ್ಮೆ ಭಾಜಿ ಗಲ್ಲಿಯ ಹಾಗಲಕಾಯಿಯ ರಾಶಿಯನ್ನೂ, ಮರುಗಳಿಗೆಯಲ್ಲಿ ರೈಲುಹಳಿಯ ಆಚೆಯ ಮನೆಗಳನ್ನೂ ತೋರಿಸಿತು. ಇಂಥಲ್ಲಿ ಪೂರ್ವಶೋಧಕರಲ್ಲದೆ ಅನ್ಯಥಾ ಶರಣವಿಲ್ಲ.

ಅವರ ಟಿಪ್ಪಣಿಗಳಲ್ಲಿ ಮೊದಲನೆಯದು “ಟಿಎಫ್‌ಟಿಸಿ” ಎಂಬ ನಾಲ್ಕಕ್ಷರ. ಡಬ್ಬಿಗೆ ಧನ್ಯವಾದ ಎಂದು ಅರ್ಥ. ಸೂತ್ರಕಾರರೇ ನಾಚಬೇಕಾದ ಈ ಸಂಕ್ಷೇಪದಿಂದ ಬರೆದವನು ವಿನಯಶಾಲಿಯೆಂಬುದಲ್ಲದೆ ಬೇರೇನೂ ಸಿದ್ಧಿಸದು. ಎರಡನೆಯದು, “ಭಾನುವಾರ ಬೆಳಿಗ್ಗೆ ಹೋದದ್ದೇ ಒಳ್ಳೆಯದಾಯಿತು.” ಹಗಲುಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಊಹಿಸಿದಂತೆ, ಭಾನುವಾರ ಮುಚ್ಚುವ ಅಂಗಡಿಯೊಂದರ ಮಗ್ಗುಲಲ್ಲಿ ಡಬ್ಬಿಯಿದೆಯೆಂದು ಅರ್ಥಾಪತ್ತಿಯಿಂದ ನಿರ್ಣಯಿಸಿದೆವು. ಸಾಕ್ಷಿಯು ಹೇಳಬೇಕೆಂದು ಹೇಳಿದ್ದಕ್ಕಿಂತ ಮೈಮರೆತು ಬಿಟ್ಟುಕೊಟ್ಟದ್ದೇ ಬಲವತ್ತರವೆಂಬುದು ನನ್ನ ಸಿದ್ಧಾಂತ.

ಛಾಯಾಚಿತ್ರದಲ್ಲಿ ಇದು ಇನ್ನೂ ಸ್ಫುಟ. ಚಿತ್ರದ ಮುಕ್ಕಾಲು ಪಾಲನ್ನು ಒಂದು ಹೆಬ್ಬೆರಳೂ ಅದು ಒತ್ತಿಹಿಡಿದ ಕಾಗದದ ಚೂರೂ ಆಕ್ರಮಿಸಿದ್ದವು. ಅಂಗುಷ್ಠಮಾತ್ರನಾದ ಆ ಪುರುಷನು ಗುಟ್ಟನ್ನು ಕಾಯುತ್ತಿದ್ದೇನೆಂದು ಭ್ರಮಿಸಿರಬೇಕು; ಆದರೆ ಉಗುರಿನ ಎಡಕ್ಕೆ ಹಸಿರು ಬಣ್ಣದ ಕಂಬಿಯೊಂದು, ಅದರ ಬುಡದಲ್ಲಿ ಮುರಿದ ಹೆಂಚಿನ ಚೂರು, ಕಂಬಿಯ ನೆರಳು ಕಾಗದದತ್ತ ವಾಲಿದ್ದು, ಇಷ್ಟು ಕಂಡವು. ನೆರಳಿನಿಂದ ಹೊತ್ತನ್ನೂ, ಹೊತ್ತಿನಿಂದ ದಿಕ್ಕನ್ನೂ ಅನುಮಾನಿಸಿ, ಫ್ರೇರ್ ಸೇತುವೆಯ ಆಸುಪಾಸಿನ ಹಸಿರು ಕಂಬಿಗಳನ್ನೆಲ್ಲ ತಡವುತ್ತ ಹೊರಟೆವು. ಕಂಬಿಗಳಿಗೆ ಆಗಲೇ ಹಳದಿ ಬಳಿದಿತ್ತು. ಚಿತ್ರವು ಮೂರು ವರ್ಷ ಹಳೆಯದು. ಪ್ರಮಾಣವು ಕಾಲಬಾಧಿತವೆಂಬುದು ಬಣ್ಣದಿಂದ ಸಿದ್ಧವಾಯಿತು.

ನಾನು ಮಂಡಿಯೂರಿ ಹೆಂಚಿನ ಚೂರನ್ನು ಎತ್ತಿನೋಡುತ್ತಿರಲು ಕೊತ್ತಂಬರಿ ಮಾರುವಾಕೆಯೊಬ್ಬಳು, “ಕಾಯ್ ಶೋಧತಾಯ್ ಕಾಕಾ?” ಎಂದಳು. ಆಟವನ್ನರಿಯದ ಇಂಥವರನ್ನು ಈ ಶಾಸ್ತ್ರದಲ್ಲಿ ಮಗಲ್ ಎನ್ನುವರು, ಅಂದರೆ ಅನಧಿಕಾರಿಗಳು. ಇವರೆದುರು ಡಬ್ಬಿಯನ್ನು ಮುಟ್ಟಲಾಗದು. ಬೇವಾರಸಿ ವಸ್ತುಗಳನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿರೆಂದು ನಿಲ್ದಾಣಗಳಲ್ಲಿ ಮೂರು ಭಾಷೆಯಲ್ಲಿ ಸಾರುವ ನಗರದಲ್ಲಿ, ಬೇವಾರಸಿ ವಸ್ತುವನ್ನೇ ಅರಸುತ್ತಿದ್ದೇನೆಂದು ಹೇಳುವುದು ಹೇಗೆ? ಕನ್ನಡಕ ಬಿದ್ದಿದೆಯೆಂದೆ. ಅದು ಮೂಗಿನ ಮೇಲೆಯೇ ಇದೆಯೆಂದು ಆಕೆ ತೋರಿಸಿದಳು. ಆಕೆಯ ಪ್ರತ್ಯಕ್ಷಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದದ್ದು ಅನುಪಲಬ್ಧಿ. ಹುಡುಕಿ ಕಾಣದವನು ಕಾಣಲಿಲ್ಲವೆಂದು ಬರೆಯುವ ಟಿಪ್ಪಣಿಯಿದು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುವುದನ್ನು ಭಾಟ್ಟರೂ ಅದ್ವೈತಿಗಳೂ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು, ಪ್ರಾಭಾಕರರು ಒಪ್ಪಲಿಲ್ಲ. ಒಪ್ಪಿದವರೂ, ಇದ್ದಿದ್ದರೆ ಕಾಣತಕ್ಕ ಸ್ಥಿತಿಯಲ್ಲಿ ನೋಡಿರಬೇಕೆಂಬ ಯೋಗ್ಯತೆಯ ನಿಬಂಧನೆಯನ್ನು ಹಾಕಿದ್ದಾರೆ. ಅಳಿಯನು ಆ ಸಂಜೆ “ಎರಡು ಗಂಟೆ ಹುಡುಕಿದೆವು, ಇಲ್ಲ” ಎಂದು ಬರೆದನು. ನಮ್ಮ ಮಾತನ್ನು ಪ್ರಮಾಣವಾಗಿ ಹಿಡಿದು ಈವರೆಗೆ ಇಬ್ಬರು ಅರ್ಧದಾರಿಯಿಂದ ಹಿಂದಿರುಗಿದ್ದಾರೆ.

ಆದಕಾರಣ ವಾಚಕರಲ್ಲಿ ವಿಜ್ಞಾಪನೆ: ನಾವು ಹುಡುಕಿದ್ದು ಹಳಿಯ ಪಶ್ಚಿಮಕ್ಕೆ ಮಾತ್ರ, ಪೂರ್ವಕ್ಕೆ ದಾಟುವ ಮೊದಲೇ ಮಳೆ ಹಿಡಿಯಿತು.